ಜಹೀರಾಬಾದಿನ ಮನೆಯಲ್ಲಿದ್ದು ಮಾತು ಕಲಿಯುವುದು

ಪಳ್ಳಿ ದರ್ಸ್‌ಗೆ ಬರುವ ಮುತಅಲ್ಲಿಮರಿಗೆ ಜಮಾಅತಿನ ಮನೆಗಳಲ್ಲಿ ಊಟ ಕೊಡುವ ಕ್ರಮ ಬ್ಯಾರಿಗಳಿಗೆ ಹೊಸತಲ್ಲ. ಅದೇ ಬ್ಯಾರಿ ಹುಡುಗ ವ್ಯಾಪಾರಕ್ಕಂತ ತೆಲಂಗಾಣಕ್ಕೆ ಹೋಗಿ, ಭಾಷೆ ಕಲಿಯಲಿಕ್ಕೆ ಒಂದು ಮನೆಯಲ್ಲಿ ಉಳಿದರೆ, ಈಗ ಅವನು ಆಚೆ ಬದಿಯ ಅತಿಥಿ.

ಇದಕ್ಕೆ ಜಹೀರಾಬಾದ್, ನಾರಾಯಣಖೇಡ್, ತಾಂಡೂರು ಒಳ್ಳೆಯ ಜಾಗಗಳು. 1956ರ ನವೆಂಬರ್ 1ರ ತನಕ ಜಹೀರಾಬಾದ್, ನಾರಾಯಣಖೇಡ್ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಕಲಬುರಗಿಯಲ್ಲಿತ್ತು. ರಾಜ್ಯ ವಿಂಗಡಣೆಯಲ್ಲಿ ಈ ತಾಲೂಕುಗಳು ಆಂಧ್ರಕ್ಕೆ ಹೋದವು. ಜಹೀರಾಬಾದ್ ತಾಲೂಕಿನ ನಿರ್ಣಾ ಭಾಗ ಮಾತ್ರ ಈಚೆ ಉಳಿಯಿತು. ಗೆರೆ ಎಳೆದರೂ ಬಾಯಿ ಬದಲಾಗಲಿಲ್ಲ. ಮನೆಯೊಳಗೆ ಕನ್ನಡ, ಬಜಾರಿನಲ್ಲಿ ದಖ್ಖನಿ, ಕಚೇರಿಯಲ್ಲಿ ತೆಲುಗು ಆಡುವವರು ಇಲ್ಲಿ ಸಿಗ್ತಾರೆ. ತಪ್ಪಿದರೆ ಕನ್ನಡದಲ್ಲೇ ತಿದ್ದುವವರು ಇರ್ತಾರಲ್ಲ, ಹೊಸಬನಿಗೆ ಅದೇ ಲಾಭ. ಆದ್ರೆ ಅದೇ ಅಪಾಯ ಕೂಡ: ಕನ್ನಡ ನಡೀತದೆ ಅಂತ ಗೊತ್ತಾದರೆ ಆರು ತಿಂಗಳು ಕಳೆದ್ರೂ ತೆಲುಗು ಬಾಯಿಗೆ ಬರುವುದಿಲ್ಲ.

ಲಿಪಿ ಕಷ್ಟ ಇಲ್ಲ. ಕನ್ನಡ ಓದುವವನು ತೆಲುಗು ಬೋರ್ಡುಗಳನ್ನು ಕೆಲವೇ ದಿನಗಳಲ್ಲಿ ಓದ್ತಾನೆ. ಮನೆಗೆ ತೆಲುಗಿನಲ್ಲಿ 'ಇಲ್ಲು' ಅಂದಾಗ ತುಳುವಿನ 'ಇಲ್ಲ್' ನೆನಪಾಗ್ತದೆ. ಎಡವುವುದು ಸಣ್ಣ ಮಾತಿನಲ್ಲಿ. ಊಟ ಸಾಕು ಅನ್ನಲಿಕ್ಕೆ ತೆಲುಗಿನಲ್ಲಿ 'ಚಾಲು' ಅನ್ನಬೇಕು. ನಮ್ಮ ಕಿವಿಗೆ ಅದು ಶುರುವಾಯಿತು ಅಂದ ಹಾಗೆ! ದಖ್ಖನಿಯಲ್ಲಿ 'ಹೌ' ಅಂದರೆ ಹೌದು, 'ನಕ್ಕೋ' ಅಂದರೆ ಬೇಡ. 'ಪರ್ಸೋಂ' ಅಂದರೆ ಮೊನ್ನೆ ಅಂತ ನಂಬಿ ಲೆಕ್ಕ ಬರೀಬೇಡಿ. ಅದು ಹೋದ ವರ್ಷವೂ ಆಗಿರಬಹುದು. ಬಾಕಿ ವಸೂಲಿಗೆ ಹೋಗುವವನು ತಾರೀಕು ಕೇಳಿಯೇ ಬರೀಬೇಕು.

ಮುಸ್ಲಿಮ್ ಮನೆಯಲ್ಲಿ ಉಳಿಯುವವರು ಇನ್ನೊಂದು ವಿಷಯ ಗೊತ್ತು ಮಾಡಿಕೊಳ್ಳಬೇಕು. ಅಲ್ಲಿ ಹೆಚ್ಚಿನವರು ಹನಫಿಗಳು, ಬ್ಯಾರಿಗಳು ಶಾಫಿಈಗಳು. ಅಸರ್ ಬಾಂಗ್ ತಡವಾಗಿ ಆಗ್ತದೆ. ಸುಬ್‌ಹಿಯಲ್ಲಿ ಇಮಾಮರು ಕುನೂತ್ ಓದುವುದಿಲ್ಲ. ಹೊರಡುವ ಮೊದಲೇ ಊರಿನ ಉಸ್ತಾದರ ಹತ್ರ ಕೇಳಿಕೊಂಡರೆ ಅಲ್ಲಿ ಗೊಂದಲ ಇರುವುದಿಲ್ಲ. ಹನಫಿಗಳು ಏಡಿ ತಿನ್ನುವುದಿಲ್ಲ, ಸಿಗಡಿಯಲ್ಲಿ ಅವರೊಳಗೇ ಎರಡು ಅಭಿಪ್ರಾಯ ಉಂಟು. ಊರಿಂದ ಪ್ರೀತಿಯಲ್ಲಿ ಒಣ ಸಿಗಡಿ ಕಟ್ಟಿಕೊಂಡು ಹೋಗುವವರು ಮೊದಲು ಫೋನ್ ಮಾಡಿ ಕೇಳಿ.

ಪತ್ತಿರ್ ತಿಂದು ಬೆಳೆದವನಿಗೆ ಜೋಳದ ರೊಟ್ಟಿ ಮೊದಲ ವಾರ ಗಂಟಲಲ್ಲಿ ಇಳಿಯುವುದು ಕಷ್ಟ. ಬೇಳೆಗೆ ಮಾತ್ರ ಯಾರೂ ಮುಖ ತಿರುಗಿಸುವುದಿಲ್ಲ. ತಾಂಡೂರಿನ ತೊಗರಿಗೆ 2022ರಲ್ಲಿ ಜಿಐ ಮಾನ್ಯತೆ ಸಿಕ್ಕಿದೆ.

ಹೆಚ್ಚಿನ ಮನಸ್ತಾಪ ಬರುವುದು ದುಡ್ಡಿನಿಂದ. ಮನೆಯವರು ಮರ್ಯಾದೆಗೆ ಏನೂ ಕೇಳುವುದಿಲ್ಲ, ಹುಡುಗ ನಾಚಿಕೆಗೆ ಕೊಡುವುದಿಲ್ಲ. ಎರಡು ತಿಂಗಳಾಗುವಾಗ ಚಹಾ ತಣ್ಣಗಾಗಿ ಬರ್ತದೆ. ಆದ್ದರಿಂದ ಮೊದಲ ದಿನವೇ ಪರಿಚಯ ಮಾಡಿಸಿದವರ ಎದುರು ತಿಂಗಳಿಗೆ ಇಷ್ಟು ಅಂತ ಹೇಳಿ ಮುಗಿಸಬೇಕು. ತೆಗೊಳ್ಳುವುದೇ ಇಲ್ಲ ಅಂದರೆ ಅಕ್ಕಿ, ಎಣ್ಣೆ ತಂದು ಹಾಕಬಹುದು. ಮನೆಯ ಹೆಂಗಸರನ್ನು ಖಾಲಾ, ಆಪಾ ಅಂತ ಕರೆದು, ಒಳಗೆ ಬರುವ ಮೊದಲು ಬಾಗಿಲಲ್ಲಿ ಸಲಾಂ ಹೇಳುವ ಹುಡುಗನಿಗೆ ಮಾತು ಕಲಿಸಲಿಕ್ಕೆ ಮಕ್ಕಳೇ ಪೈಪೋಟಿ ಮಾಡ್ತಾರೆ. ಅವರು ನಗ್ತಾರೆ ಅಂತ ಬಾಯಿ ಮುಚ್ಚಿ ಕೂತವನು ಕಲಿಯದೆ ವಾಪಸ್ ಬರ್ತಾನೆ.