ಅಂತರಜಾಲದ ಆಟ, ನಮ್ಮ ಅಂಗಳದ ಮಕ್ಕಳು

ಬೇಸಿಗೆಯ ರಜೆ ಬಂದೊಡನೆ ಬಾಗಲಕೋಟೆ, ಬಾದಾಮಿ, ಹುನಗುಂದ, ಇಳಕಲ್‌ಗಳ ನಮ್ಮ ಕುಟುಂಬಗಳಲ್ಲಿ ಒಂದು ಪ್ರಶ್ನೆ ತಪ್ಪದೆ ಏಳುತ್ತದೆ. ಧರ್ಮೋಪದೇಶದ ಶಿಬಿರಕ್ಕೆ ಬರುವ ಮಕ್ಕಳಿಗೆ ಪಾಠದ ನಡುವಿನ ಬಿಡುವಿನಲ್ಲಿ ಏನನ್ನು ಆಡಿಸುವುದು? ದೈಹಿಕ ಶಿಕ್ಷಣದ ತರಬೇತಿ ಪಡೆದವರು ನಮ್ಮಲ್ಲಿ ವಿರಳ. ಆ ಹೊಣೆ ಯಾರಾದರೊಬ್ಬ ತಾಯಿಯ ಮೇಲೆಯೋ, ಕಾಲೇಜಿನಲ್ಲಿ ಓದುವ ತರುಣನ ಮೇಲೆಯೋ ಬೀಳುತ್ತದೆ. ಅವರು ಮೊಬೈಲು ತೆರೆದು ಹುಡುಕಿದರೆ ಆಟಗಳಿಗೇನೂ ಬರವಿಲ್ಲ. ಬರವಿರುವುದು ನಮಗೆ ಒಗ್ಗುವ ಆಟಗಳಿಗೆ.

ಹಿಂದೊಮ್ಮೆ ನಾವೂ ಹೀಗೆಯೇ ಹುಡುಕಿ, ಒಂದು ಹಾಳೆಯನ್ನು ಮುದ್ರಿಸಿಕೊಂಡು ಹೋಗಿದ್ದೆವು. ನಲವತ್ತು ಮಕ್ಕಳು, ಹುಲ್ಲಿನ ಮೈದಾನ, ಹನ್ನೆರಡು ಪ್ಲಾಸ್ಟಿಕ್ ಕೋನ್‌ಗಳು, ನಾಲ್ಕು ಚೆಂಡುಗಳು ಬೇಕೆಂದು ಅದರಲ್ಲಿತ್ತು. ನಮ್ಮೆದುರು ನಿಂತವರು ಆರರಿಂದ ಹದಿನಾಲ್ಕು ವಯಸ್ಸಿನ ಹದಿನೇಳು ಮಕ್ಕಳು. ಅಂಗಳ ಮೂವತ್ತು ಹೆಜ್ಜೆಯದು, ಅದರ ಒಂದು ಅಂಚಿಗೆ ಜಾಲಿಯ ಮುಳ್ಳು. ಹಾಳೆಯನ್ನು ಮಡಚಿಟ್ಟು ಕುರ್ಚಿಯಾಟ ಆಡಿಸಿದೆವು. ಮೊದಲ ಸುತ್ತಿನಲ್ಲಿಯೇ ಹೊರಬಿದ್ದ ಎಲ್ಲರಿಗಿಂತ ಚಿಕ್ಕ ಹುಡುಗ ಬೇವಿನ ನೆರಳಿನಲ್ಲಿ ಅರ್ಧ ಗಂಟೆ ಒಬ್ಬನೇ ಕುಳಿತಿದ್ದ. ಮರುದಿನ ಅವನು ಬರಲಿಲ್ಲ. ಹೊಟ್ಟೆನೋವೆಂದು ಮನೆಯವರು ಹೇಳಿಕಳಿಸಿದರು. ಕಾರಣವೇನೆಂದು ನಮಗೆ ತಿಳಿದಿತ್ತು.

ಆಟವೆಂದರೆ ಹೊತ್ತು ಕಳೆಯುವ ಉಪಾಯವಷ್ಟೇ ಎಂದು ಬಗೆಯುವವರು ಸಂತ ಜಾನ್ ಬೋಸ್ಕೊರವರನ್ನು (1815–1888) ನೆನೆಯಬೇಕು. ಬಾಲಕನಾಗಿದ್ದಾಗಲೇ ಅವರು ಎರಡು ಮರಗಳ ನಡುವೆ ಹಗ್ಗ ಬಿಗಿದು ಅದರ ಮೇಲೆ ನಡೆದು ತೋರಿಸುತ್ತಿದ್ದರು. ನೋಡಲು ಬಂದ ಹಳ್ಳಿಗರು ಅದಕ್ಕೂ ಮುನ್ನ ಜಪಸರ ಪ್ರಾರ್ಥನೆಗೆ ದನಿಗೂಡಿಸಬೇಕಾಗಿತ್ತು! ಮುಂದೆ ಟ್ಯೂರಿನ್ ನಗರದಲ್ಲಿ ದಿಕ್ಕಿಲ್ಲದ ಹುಡುಗರನ್ನು ಕೂಡಿಸಿದಾಗ ದೇವಾಲಯದಷ್ಟೇ ಆಟದ ಅಂಗಳವೂ ಅವರಿಗೆ ಮುಖ್ಯವಾಯಿತು. ಗುರುಗಳೂ ಶಿಕ್ಷಕರೂ ದೂರ ನಿಂತು ಸೀಟಿ ಊದದೆ, ಹುಡುಗರ ನಡುವೆ ತಾವೂ ಇರಬೇಕೆಂಬುದು ಅವರ ಕ್ರಮ. ವ್ಯಾಟಿಕನ್ ಸಹ 2018ರ ಜೂನ್ 1ರಂದು ಕ್ರೀಡೆಯನ್ನೇ ಕುರಿತು ಒಂದು ದಸ್ತಾವೇಜನ್ನು ಹೊರಡಿಸಿದೆ. ಹೀಗಿರುವಾಗ ಮಗುವನ್ನು ನೆರಳಿಗೆ ಕೂರಿಸಿ ಮರೆಯುವ ಆಟವನ್ನು ನಾವು ಆರಿಸಿಕೊಳ್ಳುವುದು ಸರಿಯಲ್ಲ.

ಹಾಗಾದರೆ ಎಲ್ಲಿ ಹುಡುಕುವುದು? ಕನ್ನಡದಲ್ಲಿ ಓದಬಯಸುವವರಿಗೆ ಕರ್ನಾಟಕ ಪಠ್ಯಪುಸ್ತಕ ಸಂಘದ ಜಾಲತಾಣವೇ ಮೊದಲ ಬಾಗಿಲು. ಪ್ರೌಢಶಾಲೆಯ ದೈಹಿಕ ಶಿಕ್ಷಣದ ಪುಸ್ತಕಗಳು ಅಲ್ಲಿ ಉಚಿತವಾಗಿ ದೊರೆಯುತ್ತವೆ. ಇಂಗ್ಲಿಷ್ ಬಲ್ಲವರಿಗೆ ಇನ್ನೊಂದು ನಿಧಿಯಿದೆ. ನ್ಯೂಯಾರ್ಕ್ ನಗರದ ಶಾಲೆಗಳಲ್ಲಿ ವ್ಯಾಯಾಮ ಶಿಕ್ಷಣದ ಅಧಿಕಾರಿಯಾಗಿದ್ದ ಜೆಸ್ಸಿ ಬ್ಯಾಂಕ್ರಾಫ್ಟ್ ಎಂಬ ಮಹಿಳೆ 1909ರಲ್ಲಿ ಪ್ರಕಟಿಸಿದ, ಆಟಗಳನ್ನು ಕುರಿತ ಹೆಬ್ಬೊತ್ತಿಗೆಯು ಪ್ರಾಜೆಕ್ಟ್ ಗುಟೆನ್‌ಬರ್ಗ್ ತಾಣದಲ್ಲಿ ಕಾಸಿಲ್ಲದೆ ಸಿಗುತ್ತದೆ. ನೂರು ವರ್ಷ ಮೀರಿದ ಪುಸ್ತಕವೆಂದು ಮೂಗು ಮುರಿಯಬೇಕಾಗಿಲ್ಲ. ಬಣ್ಣದ ಸಾಮಗ್ರಿಗಳನ್ನು ಮಾರಲೆಂದೇ ಇಂದು ಬರೆಯಲಾಗುವ ಪುಟಗಳಿಗಿಂತ ಅದು ಮೇಲೆಂದು ನಮಗೆ ತೋರಿದೆ. ಅದರ ಎಷ್ಟೋ ಆಟಗಳಿಗೆ ಬೇಕಾದುದು ನೆಲದ ಮೇಲೊಂದು ಗೆರೆ ಮಾತ್ರ. ವರ್ಲ್ಡ್ ಅಥ್ಲೆಟಿಕ್ಸ್ ಸಂಸ್ಥೆಯ ‘ಕಿಡ್ಸ್ ಅಥ್ಲೆಟಿಕ್ಸ್’ ಯೋಜನೆಯಲ್ಲಿ ಹುಡುಗ ಹುಡುಗಿಯರು ಒಂದೇ ತಂಡದಲ್ಲಿ ಓಡಿ, ಜಿಗಿದು, ಅಡೆತಡೆಗಳನ್ನು ದಾಟುವ ರಿಲೇಗಳಿವೆ. ಅಲ್ಲಿ ಅಂಕ ಸೇರುವುದು ಇಡೀ ತಂಡಕ್ಕೆ.

ಆಟಕ್ಕೆ ಹಳೆಯ ಪುಸ್ತಕ ಸಾಕು, ಸ್ಪರ್ಧೆಯ ನಿಯಮಕ್ಕೆ ಸಾಲದು. ವಲಯ ಮಟ್ಟದ ಕ್ರೀಡಾಕೂಟಕ್ಕೆ ಹೋಗುವ ಮಕ್ಕಳ ತಂದೆತಾಯಂದಿರು ಇದನ್ನು ಗಮನಿಸಬೇಕು. 4×100 ಮೀಟರ್ ರಿಲೇಯಲ್ಲಿ ಬ್ಯಾಟನ್ ಬದಲಿಸುವ ವಲಯ ಮೊದಲು 20 ಮೀಟರ್ ಇತ್ತು. ಅದಕ್ಕೂ ಮುಂಚೆ ವೇಗ ಹಿಡಿಯಲು 10 ಮೀಟರ್ ಬೇರೆ. 2017ರ ನವೆಂಬರಿನಿಂದ ಇವೆರಡೂ ಕೂಡಿ 30 ಮೀಟರಿನ ಒಂದೇ ವಲಯವಾಗಿವೆ. ಹಳೆಯ ಚಿತ್ರಗಳು ಇಂದಿಗೂ ಅಂತರಜಾಲದಲ್ಲಿ ಹಾಗೆಯೇ ಉಳಿದುಕೊಂಡಿವೆ. ಪುಟದ ವರ್ಷವನ್ನು ನೋಡದೆ ಕಲಿಸಿದರೆ ಮಗು ಹೊಸ ಗೆರೆಗಳ ನಡುವೆ ಗಲಿಬಿಲಿಗೊಳ್ಳುತ್ತದೆ.

ಸ್ಪರ್ಧೆಯ ಬ್ಯಾಟನ್ ಎಂದರೆ 28ರಿಂದ 30 ಸೆಂಟಿಮೀಟರ್ ಉದ್ದದ, 50 ಗ್ರಾಮಿಗೆ ಕಡಿಮೆಯಿಲ್ಲದ ನಯವಾದ ಕೊಳವೆ. ನಮ್ಮ ಅಂಗಳಕ್ಕೆ ಜೋಳದ ದಂಟಿನ ಒಂದು ತುಂಡೇ ಸಾಕು. ಅದರ ತುದಿ ಕೈ ಕೊಯ್ಯುತ್ತದೆ, ಹಳೆಯ ಇಳಕಲ್ ಸೀರೆಯ ಚೂರನ್ನು ಸುತ್ತಿ ಕಟ್ಟಬೇಕು. ಕೋನ್‌ಗಳ ಬದಲು ಚಪ್ಪಲಿಗಳನ್ನಿಟ್ಟು ಬೂದಿಯಿಂದ ಗೆರೆ ಎಳೆಯಬಹುದು. ಆದರೆ ಬರಿಗಾಲಿನ ಓಟವೆಲ್ಲ ಬೆಳಗಿನ ಎಂಟರೊಳಗೆ ಮುಗಿಯಬೇಕು. ಆಮೇಲೆ ಬಾದಾಮಿಯ ಕಲ್ಲುನೆಲವಾಗಲಿ ಹುನಗುಂದದ ಎರೆಮಣ್ಣಾಗಲಿ ಅಂಗಾಲನ್ನು ಬಿಡುವುದಿಲ್ಲ. ನೀರಿನ ಕೊಡ ಮೊದಲೇ ತುಂಬಿರಲಿ.

ಆ ಹದಿನೇಳು ಮಕ್ಕಳಿಗೆ ಕಡೆಗೆ ಒಗ್ಗಿದ್ದು ಎದುರುಬದುರು ಸಾಲಿನ ರಿಲೇ. ಒಂದು ತಂಡಕ್ಕೆ ಒಂಬತ್ತು, ಇನ್ನೊಂದಕ್ಕೆ ಎಂಟು. ಎಂಟರ ತಂಡದಲ್ಲಿ ಒಬ್ಬರು ಎರಡು ಸಲ ಓಡುವುದು. ಅರ್ಧ ತಂಡ ಈಚೆ, ಅರ್ಧ ಆಚೆ. ಓಡಿಬಂದವರು ದಂಟನ್ನು ಎದುರಿನವರ ಕೈಗಿತ್ತು ಸಾಲಿನ ಹಿಂದೆ ನಿಲ್ಲುತ್ತಾರೆ. ಇದರಲ್ಲಿ ಹೊರಬೀಳುವವರೇ ಇಲ್ಲ, ಮೂವತ್ತು ಹೆಜ್ಜೆಯ ಅಂಗಳವೂ ಸಾಲುತ್ತದೆ. ಬೇವಿನ ನೆರಳಿನ ಹುಡುಗನನ್ನು ಅವನ ಮನೆಗೇ ಹೋಗಿ ಕರೆತಂದೆವು. ಎರಡು ಸಲ ಓಡುವವನು ತಾನೇ ಆಗಬೇಕೆಂದು ಹಟ ಹಿಡಿದ. ಅವನ ತಂಡ ಸೋತಿತು. ಮರುದಿನ ಎಲ್ಲರಿಗಿಂತ ಮೊದಲು ಬಂದು ಬೂದಿಯ ಡಬ್ಬಿ ಹಿಡಿದು ನಿಂತಿದ್ದ.

ಇನ್ನೊಂದು ಮಾತು. ಲಗೋರಿ, ಚಿಣಿಫಣಿ, ಗಿಡಮಂಗನ ಆಟಗಳನ್ನು ನಮ್ಮ ಊರುಗಳಲ್ಲಿ ಒಂದೊಂದು ಓಣಿಯೂ ಒಂದೊಂದು ಬಗೆಯಾಗಿ ಆಡುತ್ತಿತ್ತು. (ಚಿಣಿ ಕಣ್ಣಿಗೆ ಬಡಿಯುವ ವಸ್ತು, ಚಿಕ್ಕವರನ್ನು ದೂರ ನಿಲ್ಲಿಸಿಯೇ ಆಡಿಸಬೇಕು.) ನಿಮ್ಮ ಓಣಿಯ ನಿಯಮಗಳನ್ನು ಹುಡುಕಿದರೆ ಯಾವ ಜಾಲತಾಣವೂ ಹೇಳಲಾರದು, ಮನೆಯ ಅಜ್ಜ ಅಜ್ಜಿಯರು ಹೇಳಿಯಾರು. ಅವರು ಹೇಳಿದ್ದನ್ನು ಮೊಮ್ಮಕ್ಕಳು ಒಂದು ಹಾಳೆಯಲ್ಲಿ ಬರೆದು, ಭಾನುವಾರದ ಬಲಿಪೂಜೆಯ ನಂತರ ಧರ್ಮೋಪದೇಶದ ಶಿಕ್ಷಕರ ಕೈಗೆ ಕೊಟ್ಟರೆ ಈ ರಜೆಯಲ್ಲಿಯೇ ಆಡಿಸಬಹುದು. ಅಂಗಳದ ಅಳತೆಯನ್ನೂ ಮಕ್ಕಳ ಸಂಖ್ಯೆಯನ್ನೂ ಬರೆಯಲು ಮರೆಯದಿರಲಿ.