ಪಾರ್ಕಿನ್ಸನ್: ನಡುಕಕ್ಕೂ ಮುನ್ನ ಬರುವ ಸೂಚನೆಗಳು

ಪಾರ್ಕಿನ್ಸನ್ ಕಾಯಿಲೆ ಎಂದೊಡನೆ ಕಣ್ಮುಂದೆ ಬರುವುದು ನಡುಗುವ ಕೈ, ಬಾಗಿದ ಬೆನ್ನು, ತಡವರಿಸುವ ಹೆಜ್ಜೆ. ಆದರೆ ರೋಗಿಯನ್ನು ಹೈರಾಣಾಗಿಸುವ ಹಲವು ತೊಂದರೆಗಳು ನೋಡುವವರ ಕಣ್ಣಿಗೆ ಬೀಳುವುದೇ ಇಲ್ಲ. ಮಲಬದ್ಧತೆ, ನಿದ್ರಾಭಂಗ, ವಾಸನೆ ತಿಳಿಯದಿರುವುದು, ಖಿನ್ನತೆ, ಎದ್ದು ನಿಂತೊಡನೆ ತಲೆಸುತ್ತು ಮುಂತಾದ ಇವುಗಳಿಗೆ ‘ಚಲನೇತರ ಲಕ್ಷಣ’ಗಳೆಂದು ಹೆಸರು. ವಯಸ್ಸಾದ ಮೇಲೆ ಇವೆಲ್ಲ ಸಹಜವೆಂದು ಮನೆಯವರು ಸುಮ್ಮನಾಗುತ್ತಾರೆ. ಸಂಕೋಚದಿಂದ ರೋಗಿಯೂ ಬಾಯಿ ಬಿಡುವುದಿಲ್ಲ.

ಲಂಡನ್ನಿನ ವೈದ್ಯ ಜೇಮ್ಸ್ ಪಾರ್ಕಿನ್ಸನ್ 1817ರಲ್ಲಿ ಈ ರೋಗವನ್ನು ವಿವರವಾಗಿ ವರ್ಣಿಸಿದಾಗ ನಿದ್ರಾಭಂಗ, ಮಲಬದ್ಧತೆಗಳನ್ನು ಗುರುತಿಸಿದ್ದರು. ಆದರೆ ಇಂದ್ರಿಯಗಳಿಗೂ ಬುದ್ಧಿಗೂ ಕುಂದಿಲ್ಲವೆಂದು ಬರೆದಿದ್ದರು. ಆ ಮಾತು ಪೂರ್ಣ ನಿಜವಲ್ಲವೆಂಬುದು ಈಗ ಸ್ಪಷ್ಟವಾಗಿದೆ.

ಕಾರಣವೇನು?

ನಡುಕ, ಬಿಗಿತ, ನಿಧಾನಗತಿಗೆ ಮುಖ್ಯ ಕಾರಣ ಮಿದುಳಿನಲ್ಲಿ ಡೋಪಮೈನ್ ಉತ್ಪಾದಿಸುವ ಕೋಶಗಳ ನಾಶ. ಆದರೆ ರೋಗಕ್ಕೆ ಸಂಬಂಧಿಸಿದ ಆಲ್ಫಾ ಸೈನ್ಯೂಕ್ಲೀನ್ ಎಂಬ ಪ್ರೋಟೀನು ಅಲ್ಲಿ ಮಾತ್ರವಲ್ಲದೆ ಘ್ರಾಣಕೇಂದ್ರ, ಮಿದುಳುಕಾಂಡ ಹಾಗೂ ಕರುಳಿನ ನರಗಳಲ್ಲೂ ಶೇಖರವಾಗುತ್ತದೆ. ಅನೇಕರಲ್ಲಿ ಅದು ಈ ಭಾಗಗಳಲ್ಲೇ ಮೊದಲು ಕಾಣಿಸಿಕೊಳ್ಳುತ್ತದೆಂದು ಜರ್ಮನಿಯ ಹೈಕೊ ಬ್ರಾಕ್ ತಂಡ 2003ರಲ್ಲಿ ಪ್ರತಿಪಾದಿಸಿತು. ಎಲ್ಲ ರೋಗಿಗಳಲ್ಲೂ ಕ್ರಮ ಹೀಗೆಯೇ ಇರುವುದಿಲ್ಲ.

ಗಮನಾರ್ಹ ಸೂಚನೆಯೆಂದರೆ ನಿದ್ರೆಯಲ್ಲಿನ ಹೊಡೆದಾಟ. ಕನಸು ಬೀಳುವ ಹೊತ್ತಿನಲ್ಲಿ ಕೈಕಾಲಿನ ಸ್ನಾಯುಗಳು ಸ್ತಬ್ಧವಾಗಿರುವುದು ಸಹಜ. ಆ ತಡೆ ಕಳಚಿದಾಗ ಮಲಗಿದವರು ಕನಸಿನಂತೆಯೇ ಕೂಗುತ್ತಾರೆ, ಒದೆಯುತ್ತಾರೆ. ಇದು ನಡುಕಕ್ಕಿಂತ ಹಲವು ವರ್ಷ ಮೊದಲೇ ಆರಂಭವಾಗಬಹುದು. ಹಾಗೆಂದು ಮಲಬದ್ಧತೆಯಿರುವ, ವಾಸನೆ ತಿಳಿಯದ ಎಲ್ಲರಿಗೂ ಪಾರ್ಕಿನ್ಸನ್ ಬರುತ್ತದೆಂದು ಭಯಪಡಬೇಕಿಲ್ಲ.

ಸೋದರ ರೋಗಗಳು

ಪಾರ್ಕಿನ್ಸನ್ನನ್ನು ಹೋಲುವ ರೋಗಗಳನ್ನು ಗುರುತಿಸಲೂ ಈ ಲಕ್ಷಣಗಳು ನೆರವಾಗುತ್ತವೆ. ಮಲ್ಟಿಪಲ್ ಸಿಸ್ಟಂ ಅಟ್ರೊಫಿಯಲ್ಲಿ ಮೂತ್ರದ ತೊಂದರೆ, ರಕ್ತದೊತ್ತಡದ ಕುಸಿತ ಬೇಗನೆ ತೀವ್ರವಾಗುತ್ತವೆ. ಲೂಯಿ ಬಾಡಿ ಡಿಮೆನ್ಷಿಯಾದಲ್ಲಿ ಇಲ್ಲದ ಮನುಷ್ಯರು, ಪ್ರಾಣಿಗಳು ಕಾಣಿಸಿಕೊಳ್ಳುವುದುಂಟು. ಇದನ್ನು ಬರಿಯ ಹುಚ್ಚೆಂದು ಭಾವಿಸಿ ಹ್ಯಾಲೊಪೆರಿಡಾಲ್‌ನಂತಹ ಔಷಧ ಕೊಟ್ಟರೆ ರೋಗಿಯ ದೇಹ ಮರಗಟ್ಟಿ, ಪ್ರಾಣಕ್ಕೇ ಅಪಾಯವಾಗಬಹುದು.

ಮಾಡಬೇಕಾದುದೇನು?

ಚಲನೆಗೆ ಉತ್ತಮ ಔಷಧವಾದ ಲೆವೊಡೋಪಾ ಚಲನೇತರ ಲಕ್ಷಣಗಳಲ್ಲಿ ಹಲವಕ್ಕೆ ಸಾಲದು; ಅದು ರಕ್ತದೊತ್ತಡವನ್ನು ಇನ್ನಷ್ಟು ತಗ್ಗಿಸಲೂಬಹುದು. ಆದ್ದರಿಂದ ಮಲಗಿದಾಗ ಮತ್ತು ಎದ್ದು ನಿಂತು ಮೂರು ನಿಮಿಷದೊಳಗೆ ರಕ್ತದೊತ್ತಡವನ್ನು ಅಳೆಸಬೇಕು. ಮೇಲಿನ ಅಂಕಿ 20ರಷ್ಟು ಅಥವಾ ಅದಕ್ಕಿಂತ ಹೆಚ್ಚು ಇಳಿದರೆ ಬೀಳುವ ಅಪಾಯವಿದೆಯೆಂದರ್ಥ. ಮಲಬದ್ಧತೆಗೆ ನೀರು, ನಾರಿನ ಆಹಾರ, ನಡಿಗೆಯ ಜೊತೆಗೆ ಔಷಧವೂ ಬೇಕಾಗಬಹುದು. ಖಿನ್ನತೆ ಮನೋದೌರ್ಬಲ್ಯವಲ್ಲ, ರೋಗದ್ದೇ ಅಂಗ, ಅದಕ್ಕೆ ಚಿಕಿತ್ಸೆಯಿದೆ. ಯಾವ ಔಷಧವನ್ನೂ ತಾವಾಗಿ ಹಠಾತ್ತನೆ ನಿಲ್ಲಿಸಕೂಡದು.

ನಿದ್ರೆ, ಮಲಮೂತ್ರ, ಮನಸ್ಥಿತಿ, ಭ್ರಮೆ, ನೋವು ಇವುಗಳನ್ನು ಪಟ್ಟಿ ಮಾಡಿ ವೈದ್ಯರ ಮುಂದಿಡುವುದು ಒಳಿತು. ರಾತ್ರಿಯ ಕೂಗಾಟವನ್ನು ರೋಗಿ ತಾನೇ ಅರಿಯಲಾರ. ಅದನ್ನು ಹೇಳಬೇಕಾದವರು ಪಕ್ಕದಲ್ಲಿ ಮಲಗುವವರು.