ಚರ್ಚ್ ಸ್ಟ್ರೀಟಿನ ಕಪಾಟು, ನರಗುಂದದ ಓದುಗ

ಶುಕ್ರವಾರ ಸಂಜೆ ಗಜೇಂದ್ರಗಡದ ಬಸ್ ನಿಲ್ದಾಣದಲ್ಲಿ ಬೆನ್ನಿಗೆ ಚೀಲ ಏರಿಸಿಕೊಂಡು ನಿಂತ ನಾಲ್ಕೈದು ಹುಡುಗರು ಕಂಡರೆ, ಬೆಂಗಳೂರಿಗೆ ಹೊರಟವರೇ ಇರಬೇಕು ಎಂದು ಯಾರಾದರೂ ಹೇಳಬಹುದು. ರೋಣದ ಕಡೆಯವರು ಗದಗಕ್ಕೆ ಬಂದು ರಾತ್ರಿ ರೈಲು ಹಿಡಿಯುತ್ತಾರೆ. ನರಗುಂದದವರಿಗೆ ಹುಬ್ಬಳ್ಳಿಯೇ ಅನುಕೂಲ. ಒಬ್ಬನ ಅಣ್ಣನ ರೂಮೋ ಇನ್ನೊಬ್ಬನ ದೋಸ್ತನ ಪಿ.ಜಿ.ಯೋ ಇದ್ದರೆ ವಸ್ತಿಯ ಚಿಂತೆ ಇಲ್ಲ. ಖರ್ಚಿಗೆ ಎಲ್ಲರೂ ಪಾಲು ಹಾಕಿದರೆ ಕಬ್ಬನ್ ಪಾರ್ಕು, ಮೆಟ್ರೊ, ಒಂದು ಸಿನಿಮಾ, ಸೋಮವಾರ ಬೆಳಗಾಗುವಷ್ಟರಲ್ಲಿ ಮತ್ತೆ ಊರು.

ಎಂ.ಜಿ. ರಸ್ತೆಯ ನಿಲ್ದಾಣದಲ್ಲಿ ಇಳಿದು ಚರ್ಚ್ ಸ್ಟ್ರೀಟಿಗೆ ಹೊರಳಿದರೆ ಪುಸ್ತಕದಂಗಡಿಗಳು ಶುರು. ಬ್ಲಾಸಮ್‌ನಲ್ಲಿ ಹಳೆಯದು ಹೊಸದು ಎಲ್ಲ ಸೂರು ಮುಟ್ಟುವಂತೆ ಪೇರಿಸಿವೆ. ಅದೇ ಬೀದಿಯಲ್ಲಿ ಬುಕ್‌ವರ್ಮ್ ಇದೆ. ಬ್ರಿಗೇಡ್ ರಸ್ತೆಯ ಅಡ್ಡಗಲ್ಲಿಯಲ್ಲಿ 1945ರಲ್ಲಿ ಆರಂಭವಾದ ಸೆಲೆಕ್ಟ್ ಇದೆ. ಕನ್ನಡ ಪುಸ್ತಕ ಬೇಕಾದವರು ಗಾಂಧಿ ಬಜಾರಿನ ಅಂಕಿತಕ್ಕೋ ಗಾಂಧಿನಗರದ ಸಪ್ನಾಕ್ಕೋ ಹೋಗುತ್ತಾರೆ. ಇಂಥ ಅಂಗಡಿಯಲ್ಲಿ ಗಂಟೆಗಟ್ಟಲೆ ನಿಂತು ಓದಿದರೂ ಯಾರೂ ಗದರಿಸುವುದಿಲ್ಲ. ಎಲ್ಲಕ್ಕಿಂತ ಹೆಚ್ಚಾಗಿ, ಯಾವ ಊರು, ಯಾರ ಮಗ ಎಂದು ಯಾರೂ ಕೇಳುವುದಿಲ್ಲ.

ಈ ಕೊನೆಯ ಮಾತು ಎಲ್ಲರಿಗೂ ದೊಡ್ಡದಲ್ಲ. ಆದರೆ ಹುಡುಗನಾಗಿದ್ದು ಹುಡುಗನನ್ನೇ ಮೆಚ್ಚುವವನಿಗೆ, ಹುಡುಗಿಯ ಮೇಲೆ ಮನಸ್ಸಾದ ಹುಡುಗಿಗೆ ಅದು ಬಹಳ ದೊಡ್ಡದು. ಸಣ್ಣ ಊರಲ್ಲಿ ಅಂಗಡಿಯವರಿಗೆ ಅಪ್ಪ ಗೊತ್ತು, ಗ್ರಂಥಾಲಯದವರಿಗೆ ಸೋದರಮಾವ ಗೊತ್ತು. ಅಲ್ಲಿ ಬಾಯಿಬಿಟ್ಟು ಕೇಳಲಾಗದ ಪುಸ್ತಕವನ್ನು ಇಲ್ಲಿ ಕೈಗೆತ್ತಿಕೊಳ್ಳಬಹುದು. ಹಿಂಬದಿಯ ರಕ್ಷಾಪುಟ ಓದಿ, ಮತ್ತೆ ಇಟ್ಟು, ಅತ್ತ ಇತ್ತ ನೋಡಿ, ಎರಡನೇ ಸಲ ತೆಗೆಯಬಹುದು. ಬಿಲ್ ಮಾಡಿಸುವಾಗ ಇನ್ನೆರಡು ಪುಸ್ತಕಗಳ ನಡುವೆ ಅದನ್ನು ಸೇರಿಸಬಹುದು. ಪಕ್ಕದಲ್ಲಿ ನಿಂತ ಗೆಳೆಯ ಮುಖಪುಟ ನೋಡಿ, "ಓದಿ ಆದಮ್ಯಾಲೆ ನನಗೂ ಕೊಡಲೇ" ಎಂದುಬಿಟ್ಟರೆ ಎಷ್ಟೋ ವರ್ಷ ಎದೆಯಲ್ಲಿ ಹೊತ್ತ ಭಾರ ಅಲ್ಲೇ ಅರ್ಧ ಇಳಿಯುತ್ತದೆ.

ಕನ್ನಡದಲ್ಲಿ ಹೀಗೆ ಹುಡುಕಿ ಓದುವ ಪುಸ್ತಕ ಇದೆ ಎಂಬುದೇ ಸಮಾಧಾನದ ಸಂಗತಿ. ವಸುಧೇಂದ್ರರ 'ಮೋಹನಸ್ವಾಮಿ' ಕಥಾಸಂಕಲನ 2013ರಲ್ಲಿ ಹೊರಬಂತು. ಸಂಡೂರಿನಲ್ಲಿ ಹುಟ್ಟಿ, ಸಾಫ್ಟ್‌ವೇರ್ ಕೆಲಸದಲ್ಲಿದ್ದು, 'ಛಂದ ಪುಸ್ತಕ' ಪ್ರಕಾಶನವನ್ನೂ ಕಟ್ಟಿದ ವಸುಧೇಂದ್ರ ಆ ಹೊತ್ತಿಗೆ ಹೆಸರಾದ ಲೇಖಕ. ಸಲಿಂಗ ಪ್ರೇಮದ ಕತೆಯನ್ನು ಅವರು ಮೊದಲು ಪ್ರಕಟಿಸಿದ್ದು ಬೇರೆ ಹೆಸರಿನಲ್ಲಿ. ಮುಂದೆ ಪುಸ್ತಕದ ಮೇಲೆ ತಮ್ಮದೇ ಹೆಸರು ಹಾಕಿ, ತಾವೂ ಸಲಿಂಗಿ ಎಂದು ಬಹಿರಂಗವಾಗಿ ಹೇಳಿಕೊಂಡರು. 2013ರ ಡಿಸೆಂಬರ್ 11ರಂದು ಸುಪ್ರೀಂ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧವಲ್ಲ ಎಂದಿದ್ದ ದಿಲ್ಲಿ ಹೈಕೋರ್ಟಿನ 2009ರ ತೀರ್ಪನ್ನು ತಳ್ಳಿಹಾಕಿತು. ಕಾನೂನು ಅಪರಾಧಿ ಎಂದು ಕರೆಯುತ್ತಿದ್ದ ಕಾಲದಲ್ಲಿ ಒಬ್ಬ ಲೇಖಕ ಕನ್ನಡದಲ್ಲಿ ಹೀಗೆ ಎದೆಯೊಡ್ಡಿ ನಿಂತರು ಎಂಬುದನ್ನು ಮರೆಯಬಾರದು. 2018ರ ಸೆಪ್ಟೆಂಬರ್ 6ರಂದು ಅದೇ ಕೋರ್ಟ್, ಸಲಿಂಗ ಸಂಬಂಧವನ್ನು ಅಪರಾಧ ಎನ್ನುತ್ತಿದ್ದ ದಂಡಸಂಹಿತೆಯ 377ನೇ ಕಲಮಿನ ಭಾಗವನ್ನು ರದ್ದುಮಾಡಿತು.

'ಮೋಹನಸ್ವಾಮಿ' ನಗರದ ಫ್ಲ್ಯಾಟಿನ ಕತೆ ಮಾತ್ರ ಅಲ್ಲ. ಸೈಕಲ್ ಹೊಡೆಯಲು ಬಾರದ, ಓರಗೆಯವರಿಂದ ಹಂಗಿಸಿಕೊಳ್ಳುವ ಸಣ್ಣ ಊರಿನ ಹುಡುಗ ಅದರಲ್ಲಿದ್ದಾನೆ. ಗಜೇಂದ್ರಗಡದ ಓಣಿಯಲ್ಲಿ ಬೆಳೆದವನಿಗೆ ಈ ಹುಡುಗನನ್ನು ಯಾರೂ ಪರಿಚಯ ಮಾಡಿಕೊಡಬೇಕಿಲ್ಲ. ಪುಸ್ತಕ ಬಂದ ಮೇಲೆ ಲೇಖಕರಿಗೆ ಸಣ್ಣ ಊರುಗಳಿಂದಲೂ ಓದುಗರು ಫೋನ್ ಮಾಡಿ ತಮ್ಮ ಕಷ್ಟ ಹೇಳಿಕೊಳ್ಳತೊಡಗಿದರು. 2016ರಲ್ಲಿ ರಶ್ಮಿ ತೇರದಾಳ ಮಾಡಿದ ಇಂಗ್ಲಿಷ್ ಅನುವಾದವೂ ಬಂತು. ಟ್ರಾನ್ಸ್‌ಜೆಂಡರ್ ಲೇಖಕಿ ಎ. ರೇವತಿ ಅವರ ಆತ್ಮಕಥೆ ದು. ಸರಸ್ವತಿ ಅವರ ಅನುವಾದದಲ್ಲಿ 'ಬದುಕು ಬಯಲು' ಆಗಿ ಕನ್ನಡಕ್ಕೆ ಬಂದಿದೆ, ರಂಗದ ಮೇಲೂ ಆಡಿದ್ದಾರೆ. ಮಂಜಮ್ಮ ಜೋಗತಿ ಅವರ ಬದುಕಿನ ಕಥನ 'ನಡುವೆ ಸುಳಿವ ಹೆಣ್ಣು' ಕೂಡ ಓದುಗರ ಕೈಯಲ್ಲಿದೆ.

ಇಂಥ ಪುಸ್ತಕಗಳಿಗೆಂದೇ ಮೀಸಲಾದ ಅಂಗಡಿಗಳನ್ನು ಬೇರೆ ದೇಶದ ನಗರಗಳು ಬಹಳ ಹಿಂದೆಯೇ ಕಂಡಿವೆ. ನ್ಯೂಯಾರ್ಕಿನಲ್ಲಿ ಕ್ರೇಗ್ ರಾಡ್ವೆಲ್ 1967ರಲ್ಲಿ ಆಸ್ಕರ್ ವೈಲ್ಡ್ ಹೆಸರಿನಲ್ಲಿ ಒಂದು ತೆರೆದರು, ಅದು 2009ರಲ್ಲಿ ಮುಚ್ಚಿತು. ಫಿಲಡೆಲ್ಫಿಯಾದಲ್ಲಿ 1973ರಲ್ಲಿ ಹುಟ್ಟಿದ ಜಿಯೊವಾನ್ನೀಸ್ ರೂಮ್ 2014ರಲ್ಲಿ ಬಾಗಿಲು ಹಾಕಿ, ಅದೇ ವರ್ಷ ಹೊಸಬರ ಕೈಯಲ್ಲಿ ಮತ್ತೆ ತೆರೆಯಿತು. ಗೆಳೆಯರು ಕೂಡಿ ಊರು ನೋಡಲು ಹೋದಾಗ ಈ ಅಂಗಡಿಗೆ ಹೋಗದೆ ಬರುವುದಿಲ್ಲ ಎನ್ನುವಷ್ಟು ಅದನ್ನು ಪ್ರೀತಿಸುವವರಿದ್ದಾರೆ.

ನರಗುಂದದವರು ತಿಳಿಯಲೇಬೇಕಾದ ಅಂಗಡಿ ಮಾತ್ರ ಲಂಡನ್ನಿನ ಗೇಸ್ ದ ವರ್ಡ್. 1979ರ ಜನವರಿಯಲ್ಲಿ ಬ್ಲೂಮ್ಸ್‌ಬರಿಯ ಮಾರ್ಚ್‌ಮಾಂಟ್ ಬೀದಿಯಲ್ಲಿ ತೆರೆಯಿತು. 1984ರ ಏಪ್ರಿಲ್‌ನಲ್ಲಿ ಕಸ್ಟಮ್ಸ್ ಅಧಿಕಾರಿಗಳು ದಾಳಿ ಮಾಡಿ, ಅಶ್ಲೀಲವೆಂದು ಹೇಳಿ, ಹೊರದೇಶದಿಂದ ತರಿಸಿದ್ದ ಪುಸ್ತಕಗಳನ್ನು ಹೊತ್ತೊಯ್ದರು. ಅದರಲ್ಲಿ ಟೆನೆಸೀ ವಿಲಿಯಮ್ಸ್, ಗೋರ್ ವಿಡಾಲ್‌ರಂಥವರ ಕೃತಿಗಳೂ ಇದ್ದವು. ಓದುಗರು, ಲೇಖಕರು ಹಣ ಕೂಡಿಸಿ ಅಂಗಡಿಯ ಪರ ನಿಂತರು. 1986ರಲ್ಲಿ ಸರ್ಕಾರವೇ ಮೊಕದ್ದಮೆ ಕೈಬಿಟ್ಟಿತು.

ಅದೇ 1984ರಲ್ಲಿ ಬ್ರಿಟನ್ನಿನ ಕಲ್ಲಿದ್ದಲು ಗಣಿ ಕಾರ್ಮಿಕರು ಮುಷ್ಕರ ಹೂಡಿದ್ದರು. ಮನೆಯಲ್ಲಿ ಒಲೆ ಹೊತ್ತಿಸುವುದೂ ಕಷ್ಟ. ತಾನೇ ಮೊಕದ್ದಮೆಯಲ್ಲಿ ಸಿಕ್ಕಿಕೊಂಡಿದ್ದ ಆ ಅಂಗಡಿ ಗಣಿಯವರಿಗಾಗಿ ಸಂಘಟಿತರಾದ ಸಲಿಂಗಿಗಳ ಸಭೆಗೆ ಜಾಗ ಕೊಟ್ಟಿತು. ಅಂಗಡಿಯ ಮುಂದೆ ಬಕೆಟ್ ಹಿಡಿದು ನಿಂತು ಅವರು ಚಂದಾ ಎತ್ತಿದರು, ವೇಲ್ಸಿನ ಡುಲೈಸ್ ಕಣಿವೆಯ ಕುಟುಂಬಗಳಿಗೆ ಮುಟ್ಟಿಸಿದರು. 1985ರ ಲಂಡನ್ ಪ್ರೈಡ್ ಮೆರವಣಿಗೆಯಲ್ಲಿ ಆ ಗಣಿ ಕಾರ್ಮಿಕರೇ ತಮ್ಮ ಬಾವುಟ ಹಿಡಿದು ಮುಂದೆ ನಡೆದರು. 'ಪ್ರೈಡ್' ಎಂಬ 2014ರ ಸಿನಿಮಾ ಹೇಳುವುದು ಈ ಕತೆಯನ್ನೇ. ಮಲಪ್ರಭಾ ಅಚ್ಚುಕಟ್ಟಿನ ಕರದ ವಿರುದ್ಧ ಎದ್ದು 1980ರ ಜುಲೈ 21ರಂದು ಗುಂಡೇಟು ಕಂಡ, ಪ್ರತಿವರ್ಷ ಆ ದಿನ ವೀರಗಲ್ಲಿನ ಮುಂದೆ ಸೇರುವ ನರಗುಂದದ ರೈತರಿಗೆ ಈ ನಂಟು ಬೇಗ ಅರ್ಥವಾಗುತ್ತದೆ. ಹೋರಾಟದಲ್ಲಿದ್ದಾಗ ಬೆನ್ನಿಗೆ ನಿಂತವರನ್ನು ಜನ ಬಿಟ್ಟುಕೊಡುವುದಿಲ್ಲ.

ಈ ಸೀಮೆಗೆ ಈ ವಿಷಯ ಪೂರ್ತಿ ಹೊಸದು ಎನ್ನುವಂತೆಯೂ ಇಲ್ಲ. ನರಗುಂದದಿಂದ ಸವದತ್ತಿ ದೂರವಲ್ಲ. ಯಲ್ಲಮ್ಮನ ಹುಣ್ಣಿಮೆಗಳಲ್ಲಿ ಚೌಡಿಕೆ ನುಡಿಸುತ್ತ, ತಲೆಯ ಮೇಲೆ ಕೊಡ ಹೊತ್ತು ಬರುವ, ಗಂಡಾಗಿ ಹುಟ್ಟಿ ದೇವಿಯ ಹೆಸರಿನಲ್ಲಿ ಹೆಣ್ಣಾಗಿ ಬದುಕುವ ಜೋಗಪ್ಪಗಳಿಗೆ ಮನೆಯವ್ವ ಮೊರದಲ್ಲಿ ಜೋಳ ತಂದು ಹಾಕಿ ಕೈಮುಗಿಯುತ್ತಾಳೆ. ಬಳ್ಳಾರಿ ಜಿಲ್ಲೆಯಲ್ಲಿ ಹುಟ್ಟಿ, ಹುಲಿಗೆಮ್ಮನ ಸನ್ನಿಧಿಯಲ್ಲಿ ಮುತ್ತು ಕಟ್ಟಿಸಿಕೊಂಡ ಮಂಜಮ್ಮ ಜೋಗತಿ 2019ರಲ್ಲಿ ಕರ್ನಾಟಕ ಜಾನಪದ ಅಕಾಡೆಮಿಯ ಅಧ್ಯಕ್ಷರಾದರು, 2021ರಲ್ಲಿ ಪದ್ಮಶ್ರೀ ಪಡೆದರು. ಜೋಗಪ್ಪಗಳ ಬದುಕು ಬೇರೆ, ಸಲಿಂಗಿಗಳದು ಬೇರೆ. ಆದರೂ ಬಾಗಿಲಿಗೆ ಬಂದವರಿಗೆ ತೋರುವ ಆದರದಲ್ಲಿ ಒಂದು ಪಾಲು ಅದೇ ಮನೆಯೊಳಗೆ ಬೆಳೆಯುತ್ತಿರುವ ಮಗುವಿಗೂ ಸಿಗಬೇಕು.

ಬೆಂಗಳೂರಿನಲ್ಲಿ 2008ರಿಂದ ಪ್ರೈಡ್ ಮೆರವಣಿಗೆ ನಡೆಯುತ್ತಿದೆ. ಅಲ್ಲಿಗೆ ಹೋಗಿ ಬರುವ ಹುಡುಗರಿದ್ದಾರೆ, ಒಳ್ಳೆಯದೇ. ಆದರೆ ರಾತ್ರಿ ಬಸ್ಸು, ಪರವೂರಿನ ವಸ್ತಿ ಎಂದರೆ ರೋಣದ ಎಷ್ಟೋ ಮನೆಗಳಲ್ಲಿ ಹೆಣ್ಣುಮಕ್ಕಳಿಗೆ ಒಪ್ಪಿಗೆಯೇ ಸಿಗುವುದಿಲ್ಲ. ಅವರಿಗೆ ಧಾರವಾಡವೇ ದಾರಿ. ಪರೀಕ್ಷೆಯ ತಯಾರಿಗೆಂದೋ ಕಾಲೇಜಿನ ಕೆಲಸಕ್ಕೆಂದೋ ಗೆಳತಿಯರು ಕೂಡಿ ಬೆಳಿಗ್ಗೆ ಹೋಗಿ ಸಂಜೆಗೆ ಮರಳಬಹುದಾದ ಊರು ಅದು. ಜಿ.ಬಿ. ಜೋಶಿ 1933ರಲ್ಲಿ ಮನೋಹರ ಗ್ರಂಥಮಾಲೆ ಶುರುಮಾಡಿದ್ದು ಅಲ್ಲಿ. ಗದಗಿನ ಕೀರ್ತಿನಾಥ ಕುರ್ತಕೋಟಿ ಸಲಹೆಗಾರರಾಗಿದ್ದುದು ಅದಕ್ಕೇ, ಗಿರೀಶ ಕಾರ್ನಾಡರ 'ಯಯಾತಿ' 1961ರಲ್ಲಿ ಅಚ್ಚಾಗಿದ್ದು ಅಲ್ಲಿಂದಲೇ. ಹೊಸ ಬರಹಕ್ಕೆ ಜಾಗ ಕೊಟ್ಟು ಅಭ್ಯಾಸವಿರುವ ಊರಿನ ಪುಸ್ತಕದಂಗಡಿಗಳು 'ಮೋಹನಸ್ವಾಮಿ', 'ಬದುಕು ಬಯಲು', 'ನಡುವೆ ಸುಳಿವ ಹೆಣ್ಣು' ಮೂರನ್ನೂ ಒಳಗಿಂದ ತೆಗೆಸಬೇಕಾಗದಂತೆ ಎದುರಿನ ಕಪಾಟಿನಲ್ಲಿಟ್ಟರೆ, ಕೌಂಟರಿನಲ್ಲಿ ಹೆಸರು ಹೇಳಿ ಕೇಳುವ ಧೈರ್ಯವಿಲ್ಲದ ಹುಡುಗಿಯೂ ಕೈಚಾಚಿ ತೆಗೆದುಕೊಳ್ಳುತ್ತಾಳೆ. ಗದಗ, ರೋಣದ ಗ್ರಂಥಾಲಯಗಳಿಗೂ ಊರೂರಿನ ಅರಿವು ಕೇಂದ್ರಗಳಿಗೂ ಇದೇ ಮನವಿ.